ಮನಸ್ಸಿನ ಸುಸ್ತಿಯೂ ನಮ್ಮ ಹಾಡು-ಹಸೆ-ಆಟವೂ

(ಸಂಘದ ಬೆಳ್ಳಿ ಹಬ್ಬದ ಎರಡನೆಯ ದಿನ ನಡೆದ ರೈತ ಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)

 

ಈ ಹಬ್ಬದಲ್ಲಿ ಬೀಜ, ಗೊಬ್ಬರ, ಹೈನು, ಬೆಳೆ ವಿಮೆ ಇವುಗಳ ಮೇಲೆ ಮಾತನಾಡಲು ತಿಳಿದವರು ಬಂದಿದ್ದಾರೆ. ನಮ್ಮ ಪಾಲಿಗೆ ಬಂದದ್ದು ‘ಮಾನಸಿಕ ಆರೋಗ್ಯ ಮತ್ತು ಕಲೆ’ ಅನ್ನೋ ವಿಷಯ. ಅಧ್ಯಕ್ಷರು ಅದನ್ನು ಓದಿ ಹೇಳಿದ ಕೂಡಲೇ ಹಿಂದಿನ ಸಾಲಿನ ಹುಡುಗರು ನಕ್ಕದ್ದು ನಮಗೆ ಕೇಳಿಸಿತು. ನಗಲಿ. ನಾವೂ ಆ ವಯಸ್ಸಿನಲ್ಲಿ ನಕ್ಕವರೇ. ನಮ್ಮ ಕಡೆ ಯಾರಾದರೂ ಸ್ವಲ್ಪ ಬ್ಯಾರೆ ಮಾತಾಡಿದರೆ ಸಾಕು, ‘ಇವನ್ನ ಧಾರವಾಡಕ್ಕ ಕಳಸಬೇಕು’ ಅಂತ ಚಾಷ್ಟಿ ಮಾಡೋದು ರೂಢಿ. ಆ ಧಾರವಾಡದ ಮಾತನ್ನೂ ಆಮೇಲೆ ಹೇಳುತ್ತೇವೆ.

ನಾವು ಓದಿದ್ದು ಎಸ್.ಎಸ್.ಎಲ್.ಸಿ. ತನಕ. ಡಾಕ್ಟರರ ಮಾತು ನಮ್ಮ ಬಾಯಲ್ಲಿ ಬರೋದಿಲ್ಲ. ಆದರೂ ಈ ವಿಷಯ ನಾವೇ ಕೇಳಿ ತಗೊಂಡೆವು. ಯಾಕೆ ಅನ್ನೋದು ಮಾತು ಮುಂದಕ್ಕೆ ಹೋದಂತೆ ತಿಳಿಯುತ್ತದೆ.

ನಮ್ಮ ಸಂಘದ ಪುಸ್ತಕದಲ್ಲಿ ಒಂದು ಶಬ್ದ ಐತಿ: ಸುಸ್ತಿ. ಸುಸ್ತಿ ಸಾಲ, ಸುಸ್ತಿ ಬಡ್ಡಿ, ಸುಸ್ತಿದಾರ. ವಾಯಿದೆ ಮೀರಿದರೂ ತುಂಬದವನು ಸುಸ್ತಿದಾರ. ಇಷ್ಟು ವರ್ಷ ಆ ಯಾದಿಯನ್ನು ನಾವು ಮಂಡಳಿ ಸಭೆಯಲ್ಲಿ ಓದಿದ್ದೇವೆ, ರೆಜಿಸ್ಟರಿಗೆ ಸಹಿ ಮಾಡಿದ್ದೇವೆ, ಚಾ ಕುಡಿದು ಮನೆಗೆ ಹೋಗಿದ್ದೇವೆ. ಅದೇ ಶಬ್ದಕ್ಕೆ ಮನೆಯಲ್ಲಿ ಇನ್ನೊಂದು ಅರ್ಥ ಇದೆ ಅನ್ನೋದು ನಮ್ಮ ತಲೆಗೆ ಹೊಳೆದಿರಲಿಲ್ಲ. ದಣದು ಕೂತವನಿಗೂ ಸುಸ್ತಿ ಅಂತೀವಿ. ಸಾಲದ ಸುಸ್ತಿ ಪುಸ್ತಕದಾಗ ಬೀಳೋದಕ್ಕಿಂತ ಎಷ್ಟೋ ಮೊದಲೇ ಮನುಷ್ಯಾಗ ಸುಸ್ತಿ ಬಿದ್ದಿರತೈತಿ. ಅದನ್ನ ಬರಕೊಳ್ಳಾಕ ನಮ್ಮಲ್ಲಿ ಕಾಲಂ ಇಲ್ಲ.

ನಮ್ಮ ಪಕ್ಕದ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಬಡ್ಡಿ ವ್ಯಾಪಾರದವರ ಕೈಯಿಂದ ರೈತನನ್ನು ಬಿಡಿಸಬೇಕು ಅನ್ನೋದು ಅಂದಿನ ಯೋಚನೆ. ಒಬ್ಬನಿಂದ ಆಗದ್ದು ಹತ್ತು ಮಂದಿಯಿಂದ ಆಗುತ್ತದೆ ಅನ್ನೋ ಆ ಒಂದು ನಂಬಿಕೆ ಮೇಲೆ ನಮ್ಮ ಈ ಕಟ್ಟಡವೂ ನಿಂತಿದೆ. ಹಣದ ವಿಷಯದಲ್ಲಿ ನಾವು ಹಾಗೆ ನಡೆದುಕೊಂಡೆವು. ಚಿಂತೆಯ ವಿಷಯದಲ್ಲಿ ಮಾತ್ರ ‘ಅವನದು ಅವಗ’ ಅಂತ ಬಿಟ್ಟೆವು.

ಈಗ ಹೇಳೋದು ನಮಗೆ ಸುಲಭ ಇಲ್ಲ. 2023ರಲ್ಲಿ ಮಳೆ ಕೈಕೊಟ್ಟದ್ದು ನಿಮಗೆಲ್ಲ ನೆನಪಿದೆ. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತು. ಗೋವಿನಜೋಳ ತೆನೆ ಕಟ್ಟುವ ಮೊದಲೇ ಒಣಗಿತು. ಆ ವರ್ಷ ನಮ್ಮ ಸಂಘದ ಸದಸ್ಯರೊಬ್ಬರನ್ನು ನಾವು ಕಳಕೊಂಡೆವು. ಜಡ್ಡಿನಿಂದ ಅಲ್ಲ, ಅಪಘಾತದಿಂದ ಅಲ್ಲ. ಹೆಸರು ಹೇಳೋದಿಲ್ಲ, ಅವರ ಮನಿಯವರು ಇಲ್ಲೇ ಕುಂತಾರ. ಹೋದ ವಾರ ಅವರ ಮನೆಗೆ ಹೋಗಿ, ‘ಅಕ್ಕಾರ, ಹಬ್ಬದಾಗ ಈ ಮಾತು ತೆಗೀಲಿ?’ ಅಂತ ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೇಳ್ರಿ, ಮುಚ್ಚಿಟ್ಟರ ಯಾರಿಗೇನ ಬಂತು’ ಅಂದರು. ಆ ಮಾತಿನ ಮೇಲೆ ಹೇಳುತ್ತಿದ್ದೇವೆ.

ಅವರು ನಮ್ಮೂರ ದೊಡ್ಡಾಟದ ಮದ್ದಳೆಗಾರರು. ಅವರ ಕೈ ಬಿದ್ದರೆ ಪಾತ್ರಧಾರಿ ತಾನಾಗಿ ಕುಣಿಯುತ್ತಿದ್ದ. ಬರ ಬಿದ್ದ ವರ್ಷ ಅಲ್ಲ, ಅದಕ್ಕೂ ಒಂದು ವರ್ಷ ಮೊದಲೇ ಅವರು ತಾಲೀಮಿಗೆ ಬರೋದು ಬಿಟ್ಟರು. ಕರೆಯಲು ಹೋದವರಿಗೆ ‘ಕೈ ನೋಯತೈತಿ’ ಅಂದರು. ಮುಂದೆ ಸೋಮವಾರದ ಭಜನಿಗೂ ಬರಲಿಲ್ಲ. ಆಮೇಲೆ ಸಂತಿಗೆ ಹೋಗೋದು ನಿಂತಿತು. ಎಲ್ಲಾ ಆದಮೇಲೆ ಸಾಲದ ವಾಯಿದೆ ಮೀರಿತು. ನಾವು ಅವರನ್ನು ನೋಡಿದ್ದು ಆವಾಗ. ನಮ್ಮ ಸಂಘದಿಂದ ನೋಟೀಸು ಹೋಯಿತು. ಆ ಒಂದು ನೋಟೀಸಿನಿಂದಲೇ ಹೀಗಾಯಿತು ಅಂತ ಅವರ ಮನೆಯವರು ಇವತ್ತಿನ ತನಕ ಹೇಳಿಲ್ಲ, ನಾವೂ ಹಾಗೆ ತಿಳಿದಿಲ್ಲ. ಇಂಥದ್ದಕ್ಕೆ ಒಂದೇ ಕಾರಣ ಇರೋದಿಲ್ಲ. ಆದರೆ ಆ ಅಕ್ಕಾರು ಆಡಿದ ಒಂದು ಮಾತು ನಮ್ಮ ಎದೆಯಲ್ಲಿ ನಟ್ಟಿದೆ: ‘ನೋಟೀಸು ತಂದ ಹುಡುಗ ಬಾಗಲಾಗ ನಿಂತ ಕೊಟ್ಟ ಹೋದ್ರಿ. ಒಳಗ ಬಂದು ನೀರ ಕುಡದಿದ್ರ ಇವರು ಮಕಾ ಎತ್ತಿ ನೋಡತಿದ್ರೇನೋ.’ ಆ ಹುಡುಗನದೇನೂ ತಪ್ಪಿಲ್ಲ. ಒಳಗೆ ಹೋಗು ಅಂತ ನಾವ್ಯಾರೂ ಅವನಿಗೆ ಹೇಳಿರಲಿಲ್ಲ.

ಹಾಗಾದರೆ ಮನಸ್ಸಿನ ಆರೋಗ್ಯ ಅಂದರೇನು? ಚಿಂತೆ ಇಲ್ಲದೆ ಇರೋದು ಅಂತ ತಿಳಿದರೆ ಒಕ್ಕಲುತನ ಮಾಡೋ ಒಬ್ಬನೂ ಆರೋಗ್ಯವಂತ ಅಲ್ಲ. ಮುಗಿಲು ನೋಡೋದೇ ಚಿಂತಿ. ಕಷ್ಟ ಬಂದಾಗ ತಾಳಿಕೊಂಡು, ಮಾಡೋ ಕೆಲಸ ಮಾಡಿ, ನಾಕು ಮಂದಿ ಜೊತೆ ಬೆರೆತು, ಊಟ ರುಚಿ ಹತ್ತಿ, ರಾತ್ರಿ ನಿದ್ದೆ ಬಂದರೆ ಅದು ಆರೋಗ್ಯ. ಚಿತೆಗೂ ಚಿಂತೆಗೂ ಒಂದು ಸೊನ್ನೆ ಮಾತ್ರ ವ್ಯತ್ಯಾಸ ಅಂತ ಹಿರಿಯರು ಹೇಳುತ್ತಾರೆ. ಒಂದು ದಿನದ ಚಿಂತೆ ರೋಗ ಅಲ್ಲ. ಎರಡು ವಾರ ದಾಟಿದರೂ ಮನಸ್ಸು ಏಳದೆ, ನಸುಕಿನ ಮೂರಕ್ಕೇ ಎಚ್ಚರಾಗಿ ಜಂತಿ ಎಣಿಸುತ್ತ ಮಲಗಿದ್ದರೆ, ಎತ್ತಿನ ಮೈ ತಿಕ್ಕುವುದೂ ಬೇಡಾದರೆ, ಮಕ್ಕಳ ಮಾತು ಕಿವಿಗೆ ಬಿದ್ದರೂ ಒಳಗೆ ಇಳಿಯದಿದ್ದರೆ, ‘ನಾ ಇದ್ದರೂ ಅಷ್ಟ, ಬಿಟ್ಟರೂ ಅಷ್ಟ’ ಅನ್ನೋ ಮಾತು ಬಾಯಿಂದ ಬಂದರೆ ಅದು ಜಡ್ಡು. ಜ್ವರ ಹೆಂಗೋ ಹಂಗ. ಅದಕ್ಕೆ ಡಾಕ್ಟರು ಬೇಕು. ಅಲ್ಲಿ ತನಕ ಹೋಗೋ ಮುಂಚೆ ಊರು ಮಾಡೋ ಕೆಲಸ ಬಹಳ ಇದೆ. ನಮ್ಮ ಹಿರಿಯರು ಅದನ್ನು ಹೆಸರಿಲ್ಲದೆ ಮಾಡುತ್ತಿದ್ದರು.

ನಮ್ಮ ಅವ್ವನ ಕಾಲ ನೆನಪು ಮಾಡಿಕೊಳ್ಳಿ. ನಸುಕಿನಲ್ಲಿ ಎದ್ದು ಬೀಸುಕಲ್ಲಿನ ಮುಂದೆ ಕೂಡುತ್ತಿದ್ದರು. ಅತ್ತಿ ಕಾಟ, ಗಂಡನ ಸಿಟ್ಟು, ತವರಿನ ನೆನಪು, ಸತ್ತ ಕೂಸಿನ ದುಃಖ ಎಲ್ಲವೂ ಆ ಪದದೊಳಗೆ ಬರುತ್ತಿದ್ದವು. ಹಗಲು ಅತ್ತಿ ಮುಂದೆ ಬಾಯಿ ತೆರೆಯದ ಸೊಸೆ ನಸುಕಿನಲ್ಲಿ ಅತ್ತಿ ಮೇಲೆಯೇ ಪದ ಕಟ್ಟಿ ಹಾಡುತ್ತಿದ್ದಳು. ಅತ್ತಿ ಒಳಗೆ ಮಲಗಿಕೊಂಡು ಕೇಳುತ್ತಿದ್ದಳು. ಹಾಡಿನಲ್ಲಿ ಬಂದದ್ದಕ್ಕೆ ಜಗಳ ಇಲ್ಲ, ಅದು ನಿಯಮ! ಹಲಸಂಗಿ ಗೆಳೆಯರು ಇಂಥ ಪದಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಅಂತ ಪುಸ್ತಕ ಮಾಡಿದರು. ಪಂಡಿತರು ಅದನ್ನು ಸಾಹಿತ್ಯ ಅಂದರು. ನಮ್ಮ ಅವ್ವಂದಿರಿಗೆ ಅದು ಎದೆ ಹಗುರ ಮಾಡಿಕೊಳ್ಳೋ ದಾರಿ.

ಗಂಡಸರಿಗೆ ಹಂತಿ ಇತ್ತು. ಕಣದಲ್ಲಿ ಮೇಟಿ ನೆಟ್ಟು, ತೆನೆ ಹರವಿ, ರಾತ್ರಿಯೆಲ್ಲ ಎತ್ತು ತಿರುವುತ್ತ ಹಂತಿ ಪದ ಹೇಳುತ್ತಿದ್ದರು. ಒಬ್ಬ ಎತ್ತಿದರೆ ಹಿಂದಿನವ ಹಿಡಿಯಬೇಕು. ಆಚೆ ಕಣದವರು ಕೇಳಿ ಅಲ್ಲಿಂದ ಉತ್ತರ ಕೊಡುತ್ತಿದ್ದರು. ಬೆಳದಿಂಗಳಲ್ಲಿ ಊರ ಸುತ್ತಲಿನ ಕಣಗಳೆಲ್ಲ ಮಾತಾಡಿದ ಹಾಗೆ ಇರುತ್ತಿತ್ತು. ಸಣ್ಣವರಿದ್ದಾಗ ರಾಶಿಯ ಬದಿಯಲ್ಲಿ ಕಂಬಳಿ ಹೊದ್ದು ಅದನ್ನು ಕೇಳುತ್ತ ಮಲಗಿದ ಕೊನೆಯ ಪೀಳಿಗೆ ಬಹುಶಃ ನಮ್ಮದೇ.

ಹಿಟ್ಟಿನ ಗಿರಣಿ ಬಂತು, ಬೀಸುಕಲ್ಲು ಹಿತ್ತಲಿಗೆ ಹೋಯಿತು. ಒಕ್ಕುವ ಮಶೀನು ಬಂತು, ಕಣ ಹೋಯಿತು. ಅದಕ್ಕೆ ನಾವು ಅಳೋದಿಲ್ಲ. ಬೀಸುವಾಗ ನಮ್ಮ ಅವ್ವನ ಅಂಗೈ ಗುಳ್ಳೆ ಎದ್ದದ್ದನ್ನು ಕಂಡವರು ಬೀಸುಕಲ್ಲು ವಾಪಸ್ ಬರಲಿ ಅನ್ನೋದಿಲ್ಲ. ಭಾಷಣದಲ್ಲಿ ‘ಹಿಂದಿನ ಕಾಲ ಚಲೋ ಇತ್ತು’ ಅನ್ನೋದು ಬಹಳ ಸಸ್ತಾ ಮಾತು. ಆದರೆ ಮಶೀನು ದುಡಿಮೆಯನ್ನು ತಗೊಂಡು ಹೋಗುವಾಗ ಅದರ ಜೊತೆ ಹಾಡನ್ನೂ ತಗೊಂಡು ಹೋಯಿತು. ಉಳಿದ ಹೊತ್ತಿಗೆ ಏನು ಮಾಡಬೇಕು ಅಂತ ಯಾರೂ ಯೋಚನೆ ಮಾಡಲಿಲ್ಲ. ಆ ಹೊತ್ತು ಕೆಲವರಿಗೆ ಟಿ.ವಿ.ಗೆ ಹೋಯಿತು, ಕೆಲವರಿಗೆ ಸಾರಾಯಿ ಅಂಗಡಿಗೆ, ಈಗ ಮೊಬೈಲಿಗೆ.

ಹೋದ ವರ್ಷ ಸ್ತ್ರೀಶಕ್ತಿ ಸಂಘದವರ ಜೊತೆ ಶಿಗ್ಗಾವಿ ತಾಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿಗೆ ಹೋಗಿದ್ದೆವು. ಕಲಾವಿದ ಟಿ.ಬಿ. ಸೊಲಬಕ್ಕನವರ ಕಲ್ಪನೆಯಿಂದ ಆದದ್ದು ಅದು. ಅವರು ದೊಡ್ಡಾಟಕ್ಕೂ ದುಡಿದವರು. ಹಳ್ಳಿ ಬದುಕನ್ನು ಆಳೆತ್ತರದ ಮೂರ್ತಿಗಳಲ್ಲಿ ನಿಲ್ಲಿಸಿದ್ದಾರೆ. ನಮ್ಮ ಜೊತೆ ಬಂದ ಒಬ್ಬ ಅಜ್ಜಿ ಎಲ್ಲಾ ತಿರುಗಿ ನೋಡಿ ಕಡೆಗೆ, ‘ಎಲ್ಲಾರೂ ನಮ್ಮಂಗ ಅದಾರ ನೋಡಪಾ. ಹಾಡಾವ್ರು ಯಾರೂ ಇಲ್ಲ’ ಅಂದಳು. ಸಿಮೆಂಟು ಹೆಂಗ ಹಾಡೀತು? ಹಾಡೋದು ನಮ್ಮ ಕೆಲಸ. ಆ ಗಾರ್ಡನ್ನಿನ ಹತ್ತಿರವೇ ಜಾನಪದ ವಿಶ್ವವಿದ್ಯಾಲಯವೂ ಇದೆ. ಅದೇ ತಾಲೂಕಿನ ಶಿಶುನಾಳದ ಶರೀಫಜ್ಜ ಬಿದಿರು, ಮಾಳಿಗಿ, ದಿನ ಬಳಸೋ ಸಾಮಾನು ಹಿಡಿದುಕೊಂಡೇ ತತ್ವಪದ ಕಟ್ಟಿದವರು. ಅವರ ಪದ ಬಾರದ ಭಜನಿ ಮೇಳ ನಮ್ಮ ಜಿಲ್ಲೆಯಲ್ಲಿ ಇಲ್ಲ. ಬೀಜ ನಮ್ಮ ಮನೆಯಲ್ಲೇ ಇದೆ, ಬಿತ್ತೋದು ಬಿಟ್ಟಿದ್ದೇವೆ.

ಇನ್ನು ನಮ್ಮ ಸ್ವಂತ ಮಾತು. ಇದನ್ನು ಹತ್ತು ಮಂದಿ ಮುಂದೆ ಹೇಳುತ್ತಿರುವುದು ಇದೇ ಮೊದಲು.

2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ಏನಾಯಿತು ಅನ್ನೋದು ನಿಮಗೆ ಗೊತ್ತು. ಮೆಣಸಿನಕಾಯಿ ದರ ಒಮ್ಮೆಲೇ ಕುಸಿದು, ರೈತರು ಸಿಟ್ಟಿಗೆದ್ದು, ವಾಹನಗಳಿಗೆ ಬೆಂಕಿ ಬಿತ್ತು. ಯಾರು ಸರಿ ಯಾರು ತಪ್ಪು ಅನ್ನೋದು ಇವತ್ತಿನ ವಿಷಯ ಅಲ್ಲ. ನಾವೂ ಆ ದಿನ ಚೀಲ ಇಟ್ಟುಕೊಂಡು ಅಲ್ಲೇ ಇದ್ದೆವು. ನಮ್ಮ ಬ್ಯಾಡಗಿ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಬಣ್ಣಕ್ಕೆ ಜಗತ್ತಿನಲ್ಲೇ ಹೆಸರು. ಆ ಹೆಸರಿನ ಮೇಲೆ ಮಗಳ ಮದುವಿ ಲೆಕ್ಕ ಹಾಕಿ ಕೈಗಡ ತಂದಿದ್ದೆವು. ಮನೆಗೆ ಬಂದು ಮಲಗಿದವರು ಸರಿಯಾಗಿ ಏಳಲಿಲ್ಲ. ಏಳೋದು, ಹೊಲಕ್ಕೆ ಹೋಗೋದು, ಬದುವಿನ ಮೇಲೆ ಕೂಡೋದು, ಬರೋದು. ಸಂಘದ ಸಭೆಗೆ ಬಂದು ಸಹಿ ಮಾಡುತ್ತಿದ್ದೆವು, ಏನು ಓದಿದರು ಅನ್ನೋದು ತಲೆಗೆ ಹೋಗುತ್ತಿರಲಿಲ್ಲ. ನೋಡಿದವರು ‘ಡೈರೆಕ್ಟರು ಭಾಳ ಗಂಭೀರ ಆಗ್ಯಾರ’ ಅಂದುಕೊಂಡರು!

ಮೊದಲು ಕಂಡು ಹಿಡಿದವರು ನಮ್ಮ ಮನೆಯವರು. ‘ಮದ್ದಳಿ ಕಾಕಾನೂ ಹಿಂಗ ಇದ್ರು’ ಅಂದರು. ಅಷ್ಟೇ ಮಾತು. ಆ ರಾತ್ರಿ ನಮಗೆ ಭಯ ಬಂತು. ಭಯ ಬಂದದ್ದೇ ಒಳ್ಳೇದಾಯಿತು. ಮರುದಿನ ನಮ್ಮ ತಮ್ಮನನ್ನು ಕರಕೊಂಡು ಧಾರವಾಡಕ್ಕೆ ಹೋದೆವು. ಹೌದು, ಚಾಷ್ಟಿ ಮಾಡೋ ಅದೇ ಧಾರವಾಡ. ಬ್ರಿಟಿಷರ ಕಾಲದ ಆ ಆಸ್ಪತ್ರೆ ಈಗ ಡಿಮ್ಹಾನ್ಸ್ ಅಂತ ದೊಡ್ಡ ಸಂಸ್ಥೆ ಆಗಿದೆ. ಚೀಟಿ ಮಾಡಿಸುವ ಸಾಲಿನಲ್ಲಿ ನಿಂತಾಗ ಪರಿಚಯದವರು ಕಂಡರೆ ಅಂತ ಟಾವೆಲ್ಲನ್ನು ಮುಖಕ್ಕೆ ಹಿಡಿದಿದ್ದೆವು. ಮುಂದೆ ನಿಂತವರೂ ಹಾಗೇ ಹಿಡಿದಿದ್ದರು. ಆಮೇಲೆ ನೋಡಿದರೆ ಅವರು ರಾಣೆಬೆನ್ನೂರ ಕಡೆಯ ನಮ್ಮ ಬೀಗರ ಪೈಕಿ! ಇಬ್ಬರೂ ನಕ್ಕೆವು. ಎಷ್ಟೋ ತಿಂಗಳ ಮೇಲೆ ನಕ್ಕದ್ದು.

ಡಾಕ್ಟರು ಗುಳಿಗೆ ಕೊಟ್ಟರು. ಏಳು ತಿಂಗಳು ತಗೊಂಡೆವು. ‘ಗುಣ ಆತು ಅಂತ ನೀವ ತಿಳಕೊಂಡು ನಡುವ ಬಿಡಬ್ಯಾಡ್ರಿ, ನಾ ಹೇಳಿದಾಗ ಬಿಡ್ರಿ’ ಅಂದಿದ್ದರು, ಹಾಗೇ ಮಾಡಿದೆವು. ಜೊತೆಗೆ ಅವರು ಒಂದು ಪ್ರಶ್ನೆ ಕೇಳಿದರು: ‘ಮೊದಲ ಏನರೆ ಹಾಡೋದು, ಬಾರಿಸೋದು, ಆಟ ಆಡೋದು ಮಾಡತಿದ್ರೇನು?’ ನಾವು ದೊಡ್ಡಾಟದಲ್ಲಿ ಪಾತ್ರ ಮಾಡಿದವರಲ್ಲ. ತೆರೆ ಹಿಂದೆ ಕೂತು ಆಟದ ಪ್ರತಿ ಹಿಡಿದು ಮಾತು ಎತ್ತಿಕೊಡುತ್ತಿದ್ದೆವು. ‘ಅದನ್ನ ತಿರಗಿ ಚಾಲೂ ಮಾಡ್ರಿ. ಮನಸ್ಸು ಬಂದಮ್ಯಾಲ ಹೋಗೋಣು ಅನಬ್ಯಾಡ್ರಿ. ಹೋದಮ್ಯಾಲ ಮನಸ್ಸು ಬರತೈತಿ’ ಅಂದರು.

ಮೊದಲ ನಾಕು ದಿನ ತಾಲೀಮಿಗೆ ಹೋಗೋದು ಕಲ್ಲು ಹೊತ್ತ ಹಾಗೆ ಆಗುತ್ತಿತ್ತು. ಅಕ್ಷರ ಓಡುತ್ತಿದ್ದವು. ಅಭಿಮನ್ಯುವಿನ ಪಾತ್ರದ ಹುಡುಗ ಮಾತು ಮರೆತು ನಮ್ಮ ಕಡೆ ನೋಡಿದ, ನಮ್ಮ ಬೆರಳು ಯಾವ ಸಾಲಿನ ಮೇಲಿದೆ ಅನ್ನೋದೇ ನಮಗೆ ಗೊತ್ತಿರಲಿಲ್ಲ. ಪೇಟಿ ಮಾಸ್ತರು ಬೈದರು. ಎಲ್ಲಾರೂ ನಮ್ಮನ್ನು ಗಾಜಿನ ಸಾಮಾನಿನಂತೆ ನೋಡುತ್ತಿದ್ದ ಹೊತ್ತಿನಲ್ಲಿ ಒಬ್ಬರು ಬೈದದ್ದು ಹಿತ ಅನಿಸಿತು. ಮರುದಿನ ಪ್ರತಿ ಮನೆಗೆ ತಗೊಂಡು ಹೋಗಿ ಓದಿಕೊಂಡು ಬಂದೆವು. ಎಷ್ಟನೆಯ ದಿನಕ್ಕೆ ಹಗುರಾಯಿತು ಅಂತ ಹೇಳಲು ಬರೋದಿಲ್ಲ. ಒಂದು ರಾತ್ರಿ ತಾಲೀಮು ಮುಗಿಸಿ ಬಂದು, ಹಸಿವಾಗಿದೆ ಅಂತ ನಾವೇ ಬುಟ್ಟಿಯಲ್ಲಿ ರೊಟ್ಟಿ ಹುಡುಕಿದೆವು. ನಮ್ಮ ಮನೆಯವರು ಎದ್ದು ಬಂದು ನೋಡಿ ಏನೂ ಅನ್ನದೆ ಚಟ್ನಿ ಹಾಕಿ ಹೋದರು.

ಇದರಲ್ಲಿ ಗುಳಿಗೆ ಎಷ್ಟು, ಆಟ ಎಷ್ಟು ಅಂತ ನಾವು ತೂಕ ಮಾಡಲಾರೆವು. ಎರಡೂ ಬೇಕಾದವು. ಆಟ ಏನು ಮಾಡಿತು ಅನ್ನೋದನ್ನು ಮಾತ್ರ ಕುಂತು ವಿಚಾರ ಮಾಡಿದ್ದೇವೆ. ಒಂದು ನಿಶ್ಚಿತ ಹೊತ್ತಿಗೆ ಮನೆಯಿಂದ ಎಬ್ಬಿಸಿ ಹೊರಗೆ ತಂದಿತು. ನಾವು ಹೋಗದಿದ್ದರೆ ಅಲ್ಲಿ ಹತ್ತು ಮಂದಿಗೆ ಅಡಚಣಿ, ಅಂದರೆ ನಾವು ಬೇಕಾದವರು. ‘ನಾ ಇದ್ದರೂ ಅಷ್ಟ’ ಅನ್ನೋ ಮಾತಿಗೆ ಅದು ಉತ್ತರ. ಮುಂದಿನ ಮಾತು ಯಾವುದು ಅಂತ ನೋಡುವಾಗ ಸಾಲದ ಆಕಡೆಗೆ ಮನಸ್ಸು ಓಡಲು ಸಂದಿ ಸಿಗೋದಿಲ್ಲ. ಹಾಡುವವರಿಗೆ ಇನ್ನೊಂದು ಲಾಭ, ಉಸಿರು ಎಳೆದು ಬಿಡುವುದರಲ್ಲೇ ಎದೆಯ ಬಿಗಿ ಸಡಿಲ ಆಗುತ್ತದೆ. ಆಫೀಸಿನಲ್ಲಿ ಸಾಹೇಬರ ಮುಂದೆ ದನಿ ಏಳದ ಮನುಷ್ಯ ಅಟ್ಟದ ಮೇಲೆ ಭೀಮನಾಗಿ ಊರಿಗೆಲ್ಲ ಕೇಳುವಂತೆ ಗರ್ಜನೆ ಮಾಡಿದರೆ, ಮರುದಿನ ಅವನ ನಡಿಗೆಯೇ ಬ್ಯಾರೆ.

ಇದು ನಮ್ಮೊಬ್ಬರ ಅನುಭವ ಅಂತ ಹೈಸ್ಕೂಲ ಮಾಸ್ತರರಿಗೆ ಹೇಳಿದಾಗ ಅವರು ಓದಿ ತಿಳಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪಿನ ಕಚೇರಿ 2019ರಲ್ಲಿ ಒಂದು ವರದಿ ಮಾಡಿದೆ. ಕಲೆಯಿಂದ ಆರೋಗ್ಯಕ್ಕೆ ಏನಾಗುತ್ತದೆ ಅಂತ ಮೂರು ಸಾವಿರಕ್ಕಿಂತ ಹೆಚ್ಚು ಅಧ್ಯಯನಗಳನ್ನು ಕೂಡಿಸಿ ನೋಡಿ, ಹಾಡು, ಕುಣಿತ, ನಾಟಕ, ಕೈಕುಸುರಿ ಇವು ಜಡ್ಡು ಬಾರದಂತೆ ತಡೆಯಲೂ, ಬಂದ ಮೇಲೆ ಚೇತರಿಸಿಕೊಳ್ಳಲೂ ನೆರವಾಗುತ್ತವೆ ಅಂತ ಹೇಳಿದ್ದಾರಂತೆ. ಇನ್ನೊಂದು ಸಂಗತಿ ನಮಗೆ ಬಹಳ ಹಿಡಿಸಿತು. ಆಫ್ರಿಕಾ ಖಂಡದ ಜಿಂಬಾಬ್ವೆ ದೇಶದಲ್ಲಿ ಡಿಕ್ಸನ್ ಚಿಬಾಂಡಾ ಅನ್ನೋ ಮನೋವೈದ್ಯರು 2006ರಲ್ಲಿ ಊರ ಅಜ್ಜಿಯರಿಗೆ ತರಬೇತಿ ಕೊಟ್ಟು ಆಸ್ಪತ್ರೆ ಅಂಗಳದ ಬೆಂಚಿನ ಮೇಲೆ ಕೂರಿಸಿದರು. ದುಃಖ ಇದ್ದವರು ಬಂದು ಅಜ್ಜಿಯ ಪಕ್ಕ ಕೂತು ಹೇಳಿಕೊಳ್ಳೋದು. ಆ ದೇಶದಲ್ಲಿ ಮನಸ್ಸಿನ ಜಡ್ಡಿಗೆ ‘ಕುಫುಂಗಿಸಿಸಾ’ ಅಂತಾರಂತೆ. ಅಂದರೆ ‘ಭಾಳ ವಿಚಾರ ಮಾಡೋದು’. ನಮ್ಮಲ್ಲೂ ‘ಭಾಳ ವಿಚಾರ ಹಚ್ಚಿಕೊಂಡಾನ’ ಅನ್ನೋದಿಲ್ಲೇನು? ಅಲ್ಲಿ ಬೆಂಚಿನ ಮಾತುಕತೆ ಮುಗಿಸಿದವರು ಆಮೇಲೆ ಗುಂಪಾಗಿ ಕೂತು ಹಳೇ ಪ್ಲಾಸ್ಟಿಕ್ ಪಟ್ಟಿಗಳಿಂದ ಚೀಲ ಹೆಣೆಯುತ್ತಾರೆ. ಕೈ ಹೆಣೆಯುತ್ತದೆ, ಬಾಯಿ ಮಾತಾಡುತ್ತದೆ, ಚೀಲ ಮಾರಿದರೆ ನಾಕು ದುಡ್ಡೂ ಬರುತ್ತದೆ.

ಅದು ಕೇಳಿದಾಗ ನಮ್ಮ ಹೆಣ್ಣುಮಕ್ಕಳಿಗೆ ಹೊಳೆದದ್ದು ಕೌದಿ. ಹಳೇ ಸೀರಿ, ಧೋತರ, ಕುಪ್ಪಸದ ತುಂಡು ಪದರ ಪದರವಾಗಿ ಹಾಸಿ, ನಾಕು ಮಂದಿ ನಾಕು ಮೂಲೆಯಿಂದ ಹೊಲಿಯುತ್ತ ನಡುವಿಗೆ ಬರುತ್ತಾರೆ. ನಮ್ಮ ಹಾನಗಲ್ಲಿನ ಆಚೆ ಮುಂಡಗೋಡ, ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿದ ಕೌದಿ ಹೊರದೇಶದ ಪ್ರದರ್ಶನಕ್ಕೂ ಹೋಗಿವೆ. ನಮ್ಮಲ್ಲಿ ಅದು ಹಾಸಿಗೆ ಅಡಿಗೆ ಬಿದ್ದ ಕೆಲಸ. ಈಗ ಬೇಸಿಗೆಯಲ್ಲಿ ಸಂಘದ ಗೋದಾಮು ಖಾಲಿ ಇರುವಾಗ ಮಧ್ಯಾಹ್ನ ಹದಿನೈದು-ಇಪ್ಪತ್ತು ಮಂದಿ ಕೂತು ಹೊಲಿಯುತ್ತಾರೆ. ಅಲ್ಲಿ ಏನು ಮಾತು ನಡೆಯುತ್ತದೆ ಅನ್ನೋದು ನಮಗೆ ಗೊತ್ತಿಲ್ಲ, ಗೊತ್ತಾಗಬಾರದು ಕೂಡ. ಒಬ್ಬ ತಾಯಿ ಹೇಳಿದ್ದು ಇಷ್ಟು: ‘ಸಮಾಧಾನ ಮಾಡಾಕ ಬಂದಾವ್ರು ಮಕಾ ನೋಡಿ ಕೇಳತಾರ, ಹೇಳಾಕ ನಾಚಿಕಿ ಬರತೈತಿ. ಇಲ್ಲಿ ಎಲ್ಲಾರ ಕಣ್ಣೂ ಸೂಜಿ ಮ್ಯಾಲ ಇರತಾವ. ಮಾತು ತಾನ ಬರತೈತಿ.’ ಹೆರಿಗೆ ಆದಮೇಲೆ ಮೂರು ತಿಂಗಳು ಮಾತು ಬಿಟ್ಟಿದ್ದ ಒಬ್ಬ ಸೊಸೆಯ ಸುದ್ದಿ ಹೊರಗೆ ಬಂದದ್ದು ಆ ಗುಂಪಿನಿಂದಲೇ. ‘ದೆವ್ವ ಬಡದೈತಿ’ ಅಂತ ಮಂತ್ರಿಸುವವರ ಕಡೆ ತಿರುಗುತ್ತಿದ್ದರು. ಆಶಾ ಕಾರ್ಯಕರ್ತೆಯನ್ನು ಕರೆಸಿ ಜಿಲ್ಲಾ ಆಸ್ಪತ್ರೆಗೆ ಕಳಿಸಿದರು. ಈಗ ಆ ತಾಯಿ ಆರಾಮ ಇದ್ದಾಳೆ.

ಇಲ್ಲಿ ಒಂದು ಮಾತು ಕಟ್ಟುನಿಟ್ಟಾಗಿ ಹೇಳಬೇಕು. ಭಜನಿ ಹಚ್ಚಿದರೆ ಎಲ್ಲಾ ಜಡ್ಡು ಹೋಗುತ್ತದೆ ಅಂತ ಯಾರೂ ತಿಳಿಯಬೇಡಿ. ಮೇಳದ ಹತ್ತು ಮಂದಿಯಲ್ಲಿ ಇಬ್ಬರಿಗೆ ಡಾಕ್ಟರು ಬೇಕಾಗಬಹುದು, ಅವರನ್ನು ತಾಳ ಕೊಟ್ಟು ಕೂರಿಸಿದರೆ ದ್ರೋಹ ಮಾಡಿದಂತೆ. ಮದ್ದಳೆಗಾರರಂಥ ಕಲಾವಂತರನ್ನೇ ನಾವು ಕಳಕೊಂಡಿದ್ದೇವೆ. ಕಲೆ ಇದ್ದವರಿಗೆ ಬರೋದಿಲ್ಲ ಅಂತ ಇಲ್ಲ. ಸರ್ಕಾರದ ಟೆಲಿ-ಮಾನಸ್ ಅನ್ನೋ ಫೋನ್ ಸೇವೆ 2022ರ ಅಕ್ಟೋಬರಿನಲ್ಲಿ ಶುರುವಾಗಿದೆ, ನಂಬರು 14416. ಹಗಲು ರಾತ್ರಿ ಯಾವಾಗ ಹಚ್ಚಿದರೂ ಕನ್ನಡದಲ್ಲಿ ಮಾತಾಡುತ್ತಾರೆ, ಖರ್ಚಿಲ್ಲ. ಸಂಘದ ನೋಟೀಸ್ ಬೋರ್ಡಿನ ಮೇಲೆ ದೊಡ್ಡದಾಗಿ ಬರೆಸಿದ್ದೇವೆ. ಕೇಸು ಆದೀತು ಅಂತ ಅಂಜಿ ಎಷ್ಟೋ ಮನೆಯವರು ಸಂಗತಿ ಮುಚ್ಚುತ್ತಾರೆ. ಜೀವ ಕಳಕೊಳ್ಳಲು ಹೋಗಿ ಉಳಿದವನು ಅತಿ ಸಂಕಟದಲ್ಲಿ ಇದ್ದವನು ಅಂತಲೇ ತಿಳಿಯಬೇಕು, ಅವನಿಗೆ ಆರೈಕೆ ಕೊಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಅಂಜಬೇಡಿ, ಆಸ್ಪತ್ರೆಗೆ ಒಯ್ಯಿರಿ. ಮತ್ತೆ, ಇಂಥ ಮನುಷ್ಯ ಬಾಯಿ ಬಿಟ್ಟು ‘ಸಾಯಬೇಕು ಅನಸತೈತಿ’ ಅಂದರೆ ‘ಹುಚ್ಚ ಮಾತ ಆಡಬ್ಯಾಡ’ ಅಂತ ಬಾಯಿ ಮುಚ್ಚಿಸಬೇಡಿ. ಕೂತು ಕೇಳಿ. ಒಬ್ಬನನ್ನೇ ಬಿಟ್ಟು ಬರಬೇಡಿ.

ಹುಡುಗರ ಮಾತು ಒಂದಿಷ್ಟು. ಮೊದಲು ನಕ್ಕರಲ್ಲ, ಅವರದು. ಹತ್ತು ಎಕರೆ ಹೊಲ ಇದ್ದರೂ ಒಕ್ಕಲಿಗನ ಮಗನಿಗೆ ಕನ್ಯಾ ಕೊಡುವವರಿಲ್ಲ. ಮೂವತ್ತೈದು ದಾಟಿದವರು ನಮ್ಮೂರಲ್ಲಿ ಎಷ್ಟು ಮಂದಿ ಇದ್ದಾರೆ ಅನ್ನೋದು ನಿಮಗೇ ಗೊತ್ತು. ಅದೂ ಒಂದು ಸುಸ್ತಿ. ಕಟ್ಟಿ ಮೇಲೆ ಕೂತು ಚಾಷ್ಟಿ ಮಾಡಿ ಅದನ್ನು ಮುಚ್ಚಿಕೊಳ್ಳುತ್ತಾರೆ. ಕನ್ಯಾ ಹುಡುಕಿಕೊಡೋ ಶಕ್ತಿ ನಮ್ಮ ಸಂಘಕ್ಕಿಲ್ಲ. ಹಾನಗಲ್ಲ ತಾಲೂಕಿನ ಶೇಷಗಿರಿ ಅನ್ನೋ ಸಣ್ಣ ಊರಿನವರು ಗಜಾನನ ಯುವಕ ಮಂಡಳ ಕಟ್ಟಿಕೊಂಡು ಎಷ್ಟೋ ವರ್ಷದಿಂದ ನಾಟಕ ಮಾಡುತ್ತಿದ್ದಾರೆ. ಹಗಲು ಹೊಲ, ರಾತ್ರಿ ನಾಟಕ. ಊರಿಗೆ ಸ್ವಂತ ರಂಗಮಂದಿರವೂ ಆಗಿದೆ. ಒಮ್ಮೆ ಹೋಗಿ ನೋಡಿ ಬನ್ನಿ, ಹೋಗೋ ಗಾಡಿ ಖರ್ಚು ನಾವು ಕೊಡುತ್ತೇವೆ.

ಇದೆಲ್ಲ ಮಂಡಳಿ ಸಭೆಯಲ್ಲಿ ಇಟ್ಟಾಗ ಜಗಳ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಪೇಟಿ ರಿಪೇರಿಗೆ, ತಾಳಕ್ಕೆ, ಗೋದಾಮಿನ ದೀಪಕ್ಕೆ ಅಂತ ಲಾಭದಲ್ಲಿ ಸಾರ್ವಜನಿಕ ಕೆಲಸಕ್ಕೆ ತೆಗೆದಿಟ್ಟ ಹಣ ಕೇಳಿದೆವು. ನಮ್ಮ ಹಿರಿಯ ನಿರ್ದೇಶಕರೊಬ್ಬರು, ‘ಸಂಘ ಸಾಲಾ ಕೊಡಾಕೈತೋ, ಮಂದೀನ ಕುಣಸಾಕೈತೋ?’ ಅಂತ ನೇರವಾಗಿ ಕೇಳಿದರು. ‘ದರ ಸಿಕ್ಕರ ಮನಸ್ಸು ತಾನ ಆರಾಮ ಆಗತೈತಿ’ ಅಂದರು. ಅವರ ಮಾತಿನಲ್ಲಿ ನಿಜ ಇದೆ. ಮೆಣಸಿನಕಾಯಿಗೆ ದರ ಇಲ್ಲದಾಗ ಹಾಡಿ ಕುಣಿದು ಹೊಟ್ಟೆ ತುಂಬೋದಿಲ್ಲ. ದರಕ್ಕಾಗಿ ಹೋರಾಡೋದೂ ಬೇಕು. ಆದರೆ ದರ ಬರೋ ತನಕ ಮನುಷ್ಯ ಉಳಿಯಬೇಕಲ್ಲ, ಗೌಡ್ರೆ? ಕಡೆಗೆ ಅವರೇ ಒಂದು ಷರತ್ತು ಹಾಕಿದರು: ತಾಲೀಮಿನ ಜಾಗದಲ್ಲಿ ಕುಡಿದು ಬಂದವನನ್ನು ಒಳಗೆ ಬಿಡಬಾರದು. ಇದು ನಮಗೆ ಹೊಳೆದೇ ಇರಲಿಲ್ಲ. ಕುಡಿತ ಮನಸ್ಸಿನ ಗಾಯಕ್ಕೆ ಉಪ್ಪು, ಅದು ಅವರಿಗೆ ತಿಳಿದಿತ್ತು. ಷರತ್ತು ನಡೆಯುತ್ತಿದೆ, ಇಬ್ಬರನ್ನು ವಾಪಸ್ ಕಳಿಸಿದ್ದೂ ಆಗಿದೆ. ಕುಡಿಯದ ದಿನ ಅವರೂ ಬರುತ್ತಾರೆ.

ಇನ್ನೊಂದು ನಿರ್ಣಯ ಆಗಿದೆ. ಸುಸ್ತಿ ಯಾದಿಯಲ್ಲಿ ಹೊಸದಾಗಿ ಯಾರ ಹೆಸರು ಬಂದರೂ ನೋಟೀಸು ಹೋಗುವ ಮೊದಲು ಇಬ್ಬ ನಿರ್ದೇಶಕರು ಅವರ ಮನೆಗೆ ಹೋಗಬೇಕು. ಬಾಗಿಲಲ್ಲಿ ನಿಲ್ಲಬಾರದು, ಒಳಗೆ ಹೋಗಿ ಕೂಡಬೇಕು, ಕೊಟ್ಟ ನೀರು ಕುಡಿಯಬೇಕು. ಮೊದಲ ಭೇಟಿಯಲ್ಲಿ ಸಾಲದ ಮಾತು ತೆಗೆಯುವಂತಿಲ್ಲ. ‘ಹಂಗಾದ್ರ ವಸೂಲಿ ಹೆಂಗ?’ ಅಂತ ಕಾರ್ಯದರ್ಶಿಗಳು ಚಿಂತೆ ಮಾಡಿದರು. ಮೂರು ಮನೆಗೆ ಹೋದಾಗ ಎರಡರಲ್ಲಿ ಅವರೇ ಸಾಲದ ಮಾತು ತೆಗೆದರು.

ಮದ್ದಳೆಗಾರರ ಮನೆಯಿಂದ ಆ ಅಕ್ಕಾರು ಮದ್ದಳೆಯನ್ನು ಸಂಘಕ್ಕೆ ಕೊಟ್ಟಿದ್ದಾರೆ. ಎರಡು ವರ್ಷ ಅಟ್ಟದ ಮೇಲೆ ಇದ್ದು ಬಾರ ಸಡಿಲಾಗಿತ್ತು, ಒಂದು ಕಡೆ ಚರ್ಮ ಹೋಗಿತ್ತು. ಕಟ್ಟಿಸಿ ತಂದಿದ್ದೇವೆ. ಬಾರಿಸುವವರು ಸದ್ಯ ಪಕ್ಕದ ಊರಿನವರು ಬಂದು ಕಲಿಸುತ್ತಾರೆ, ಅವರ ಬಸ್ ಚಾರ್ಜು ಸಂಘದ್ದು. ಕಲಿಯಲು ಇಬ್ಬರು ಹೆಸರು ಕೊಟ್ಟಿದ್ದಾರೆ. ಹೋದ ಗುರುವಾರ ಮದ್ದಳೆಗಾರರ ಸಣ್ಣ ಮಗ, ಒಂಬತ್ತನೆಯ ಇಯತ್ತೆಯ ಹುಡುಗ, ಗೋದಾಮಿನ ಬಾಗಿಲ ಹತ್ತಿರ ಬಂದು ಕೂತಿದ್ದ. ಯಾರೂ ಕರೆಯಲಿಲ್ಲ, ಮಾತಾಡಿಸಲೂ ಇಲ್ಲ. ಹುಡುಗ ಬೆದರಿ ಹೋದಾನು ಅಂತ ಪೇಟಿ ಮಾಸ್ತರು ಕಣ್ಣಲ್ಲೇ ಹೇಳಿದರು. ಆಟ ಮುಗಿಯೋ ತನಕ ಕೂತು, ಎಲ್ಲಾರೂ ಎದ್ದ ಮೇಲೆ ಚಾಪಿ ಸುತ್ತಿಟ್ಟು ಹೋದ.

ತಾಲೀಮು ಗುರುವಾರ ಮತ್ತು ರವಿವಾರ, ರಾತ್ರಿ ಊಟ ಆದಮೇಲೆ ಎಂಟೂವರೆಗೆ. ಈಗ ಚಳಿ ಇದೆ, ಬರುವವರು ಕಂಬಳಿ ತನ್ನಿರಿ.